ಬಾವಲಿಗಳಿಗಾಗಿ ಮುಚ್ಚಿದ ಜಲಗುಹೆ: ಡೈವರ್ ಏನು ಕೇಳಬಹುದು?

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿದ್ದೇನೆ, ಗುಹಾ ಡೈವಿಂಗಿನ ಪೂರ್ಣ ತರಬೇತಿ ಮುಗಿಸಿದ್ದೇನೆ. ಮಿಸೌರಿ ರಾಜ್ಯದಲ್ಲಿ ಫೆಡರಲ್ ಸರ್ಕಾರದ ಜಮೀನಿನಲ್ಲಿರುವ ಒಂದು ನೀರಿನ ಬುಗ್ಗೆಯ ಗುಹೆಗೆ ಇಳಿಯಲು ಪರವಾನಗಿ ಕೇಳಿದಾಗ, ಬೂದು ಬಾವಲಿಗಳ ರಕ್ಷಣೆಗಾಗಿ ಗುಹೆಯನ್ನು ಮುಚ್ಚಲಾಗಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ಬಾವಲಿಗಳು ಸೂರಿಗೆ ಜೋತುಬಿದ್ದಿರುತ್ತವೆ, ನಾವು ನೀರಿನ ಅಡಿಯಲ್ಲಿರುತ್ತೇವೆ. ನಮ್ಮಿಂದ ಅವಕ್ಕೇನು ತೊಂದರೆ? ಸಾರ್ವಜನಿಕ ಜಮೀನಿನಿಂದ ಸಾರ್ವಜನಿಕರನ್ನೇ ಹೊರಗಿಡುವುದು ನ್ಯಾಯವೇ? ಇದನ್ನು ಪ್ರಶ್ನಿಸುವ ದಾರಿ ಇದೆಯೇ?

ಉತ್ತರ: ಪ್ರಶ್ನಿಸುವ ದಾರಿ ಇದೆ, ಆದರೆ ನೀವು ಹಿಡಿದಿರುವ ವಾದ ಆ ದಾರಿಯಲ್ಲಿ ಹೆಚ್ಚು ದೂರ ನಡೆಯುವುದಿಲ್ಲ. ‘ನಾವು ಕೆಳಗೆ, ಅವು ಮೇಲೆ’ ಎಂಬುದು ಮೇಲ್ನೋಟಕ್ಕೆ ಸರಿಯೆನಿಸಿದರೂ ಗುಹೆಯ ಜೀವನವನ್ನು ಬಲ್ಲ ಅಧಿಕಾರಿಯೊಬ್ಬರು ಅದನ್ನು ಎರಡು ನಿಮಿಷಗಳಲ್ಲಿ ತಳ್ಳಿಹಾಕಬಲ್ಲರು. ನಿಮಗೆ ಬಂದ ಒಂದು ಸಾಲಿನ ಉತ್ತರವೂ ಅಷ್ಟೇ ದುರ್ಬಲವಾದುದು. ಯಾವ ಪ್ರಾಣಿ, ವರ್ಷದ ಯಾವ ತಿಂಗಳುಗಳಲ್ಲಿ, ಗುಹೆಯ ಯಾವ ಭಾಗದಲ್ಲಿ ಇರುತ್ತದೆ, ಮುಚ್ಚುಗಡೆಯನ್ನು ಮತ್ತೆ ಯಾವಾಗ ಪರಿಶೀಲಿಸುತ್ತಾರೆ ಎಂಬುದನ್ನು ಹೇಳದ ಆದೇಶ ಅರ್ಧ ಆದೇಶವೇ ಸರಿ. ನಿಮ್ಮ ಬಲ ಇರುವುದು ಆ ಉಳಿದರ್ಧವನ್ನು ಕೇಳುವುದರಲ್ಲಿ.

ಮೊದಲು ಬಾವಲಿಗಳ ವಿಷಯ. ಬೂದು ಬಾವಲಿಯನ್ನು 1976ರಲ್ಲಿ ಅಮೆರಿಕದ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಲಾಯಿತು. ಉಳಿದ ಹಲವು ಬಾವಲಿಗಳು ಬೇಸಿಗೆಯಲ್ಲಿ ಮರದ ಪೊಟರೆ, ಕಟ್ಟಡಗಳ ಸಂದು ಎಂದು ಎಲ್ಲೆಲ್ಲೋ ನೆಲೆ ಕಂಡುಕೊಂಡರೆ, ಇದು ಬಹುಮಟ್ಟಿಗೆ ವರ್ಷಪೂರ್ತಿ ಗುಹೆಗಳನ್ನೇ ನೆಚ್ಚಿಕೊಂಡಿರುತ್ತದೆ, ಅದರಲ್ಲೂ ಕೆಲವೇ ಗುಹೆಗಳಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒತ್ತಾಗಿ ಸೇರುತ್ತದೆ. ಹೀಗಾಗಿ ಒಂದು ಗುಹೆಯಲ್ಲಿ ಆಗುವ ಗದ್ದಲದ ಫಲ ಇಡೀ ಪ್ರದೇಶದ ಸಂತತಿಯ ಮೇಲೆ ಬೀಳುತ್ತದೆ. ಮರಿ ಹಾಕುವ ತಾಯಿ ಬಾವಲಿಗಳು ಆರಿಸಿಕೊಳ್ಳುವ ಗುಹೆಗಳು ನದಿಗೋ ಜಲಾಶಯಕ್ಕೋ ಹತ್ತಿರದಲ್ಲಿರುತ್ತವೆ, ಒಳಗೂ ಹೆಚ್ಚಾಗಿ ತೊರೆಯೊಂದು ಹರಿಯುತ್ತಿರುತ್ತದೆ. ಎಂದರೆ, ಡೈವರುಗಳಿಗೆ ಪ್ರಿಯವಾದ ಗುಹೆಗಳೇ ಅವಕ್ಕೂ ಪ್ರಿಯ. ಇನ್ನೂ ಹಾರಲು ಬಾರದ ಮರಿಗಳು ಸೂರಿಗೆ ಅಂಟಿಕೊಂಡಿರುವ ವಾರಗಳಲ್ಲಿ ಕೆಳಗೆ ಬೆಳಕು ಹರಿದಾಡಿದರೆ, ಸಿಲಿಂಡರುಗಳು ಬಂಡೆಗೆ ತಗುಲಿ ಸದ್ದಾದರೆ, ತಾಯಂದಿರು ಒಮ್ಮೆಲೇ ಎದ್ದು ಹಾರುತ್ತವೆ. ಆ ಗಡಿಬಿಡಿಯಲ್ಲಿ ಮರಿಗಳು ನೆಲಕ್ಕೋ ನೀರಿಗೋ ಬೀಳುತ್ತವೆ. ಬಿದ್ದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.

ಡೈವರ್ ನೀರಿನ ಅಡಿಯಲ್ಲಿಯೇ ಇರುತ್ತಾನೆ ಎಂಬ ಮಾತು ಡೈವಿನ ನಡುಭಾಗಕ್ಕೆ ಮಾತ್ರ ಸಲ್ಲುತ್ತದೆ. ಸಾಮಾನು ಹೊರುವುದು, ಗುಹೆಯ ಬಾಯಿಯ ಬಳಿ ನಿಂತು ಉಪಕರಣ ತೊಟ್ಟುಕೊಳ್ಳುವುದು, ಸಿಲಿಂಡರಿನಿಂದ ಉಸಿರು ಒದಗಿಸುವ ರೆಗ್ಯುಲೇಟರ್ ಪರೀಕ್ಷಿಸುವುದು, ಒಬ್ಬರನ್ನೊಬ್ಬರು ಕೂಗುವುದು ಎಲ್ಲವೂ ಮೇಲೆಯೇ ನಡೆಯುವ ಕೆಲಸಗಳು. ಒಳಗೆ ಗಾಳಿ ತುಂಬಿದ ಕೋಣೆಯೊಂದು ಸಿಕ್ಕಿದರೆ ಅಲ್ಲಿ ತಲೆ ಎತ್ತದೆ ಮುಂದೆ ಹೋಗುವ ಡೈವರುಗಳು ಕಡಿಮೆ. ತಲೆ ಎತ್ತದಿದ್ದರೂ ಬಿಟ್ಟ ಉಸಿರಿನ ಗುಳ್ಳೆಗಳು ಆ ಕೋಣೆಯಲ್ಲಿ ಮೇಲೆದ್ದು ಒಡೆಯುತ್ತವೆ. ನಿಶ್ಶಬ್ದವಾದ ಗುಹೆಯಲ್ಲಿ ಆ ಸದ್ದು ಸಣ್ಣದಲ್ಲ. ಮುಸ್ಸಂಜೆಯ ಹೊತ್ತಿಗೆ ನೀವು ಹೊರಬರುವಾಗ ಬಾವಲಿಗಳೂ ಬೇಟೆಗೆ ಹೊರಡುವ ಸಮಯವಾಗಿರುತ್ತದೆ, ಇಬ್ಬರಿಗೂ ಇರುವುದು ಒಂದೇ ಬಾಗಿಲು.

ಚಳಿಗಾಲದ ಲೆಕ್ಕ ಬೇರೆ. ಶಿಶಿರನಿದ್ರೆಯಲ್ಲಿರುವ ಬಾವಲಿ ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ವಸಂತದವರೆಗೆ ಬದುಕಬೇಕು. ಒಮ್ಮೆ ಬಲವಂತವಾಗಿ ಎಚ್ಚರಗೊಂಡರೆ ದೇಹದ ಬಿಸಿಯನ್ನು ಮತ್ತೆ ಏರಿಸಿಕೊಳ್ಳಲು ಅದು ಹಲವು ವಾರಗಳ ನಿದ್ರೆಗೆ ಸಾಕಾಗುವಷ್ಟು ಕೊಬ್ಬನ್ನು ಸುಡುತ್ತದೆ. ಆ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಕಾಣುವ ಬಾವಲಿ ಎರಡು ತಿಂಗಳ ನಂತರ ಸಾಯಬಹುದು, ಸತ್ತದ್ದಕ್ಕೂ ನಿಮ್ಮ ಭೇಟಿಗೂ ಇರುವ ನಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ‘ನಾವು ಹೋಗಿ ಬಂದೆವು, ಬಾವಲಿಗಳು ಮಿಸುಕಲೂ ಇಲ್ಲ’ ಎಂಬ ಸಾಕ್ಷ್ಯವನ್ನು ಜೀವಶಾಸ್ತ್ರಜ್ಞರು ಒಪ್ಪದಿರುವುದಕ್ಕೆ ಕಾರಣ ಇದೇ.

ಇದರ ಜೊತೆಗೆ ಬಿಳಿಮೂತಿ ರೋಗವನ್ನು ಬೆರೆಸಿ ಮಾತನಾಡುವುದು ರೂಢಿಯಾಗಿದೆ. ಅದನ್ನು ಬೇರ್ಪಡಿಸಿ ನೋಡಬೇಕು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ, ಸ್ಯೂಡೊಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಶಿಲೀಂಧ್ರವನ್ನು ಒಂದು ಗುಹೆಯಿಂದ ಇನ್ನೊಂದಕ್ಕೆ ಮುಖ್ಯವಾಗಿ ಸಾಗಿಸುವವು ಬಾವಲಿಗಳೇ. ಆದರೂ ಮನುಷ್ಯರ ಬಟ್ಟೆ, ಬೂಟು, ಹಗ್ಗಗಳಲ್ಲಿ ಅದರ ಬೀಜಕಗಳು ದೂರ ಹೋಗಬಲ್ಲವು ಎಂಬ ಕಾರಣಕ್ಕೆ 2009ರಿಂದೀಚೆಗೆ ಫೆಡರಲ್ ಜಮೀನಿನ ಎಷ್ಟೋ ಗುಹೆಗಳನ್ನು ಒಟ್ಟಾಗಿ ಮುಚ್ಚಲಾಯಿತು. ಬೂದು ಬಾವಲಿಗಳಲ್ಲಿ ಈ ರೋಗ 2012ರಲ್ಲಿ ಪತ್ತೆಯಾದರೂ, ಪುಟ್ಟ ಕಂದು ಬಾವಲಿಯಂಥ ಪ್ರಭೇದಗಳಲ್ಲಿ ಆದಂಥ ಸಾಮೂಹಿಕ ಸಾವು ಅವುಗಳಲ್ಲಿ ಕಂಡುಬಂದಿಲ್ಲ. ಆದ್ದರಿಂದ ನಿಮ್ಮ ಗುಹೆಯನ್ನು ಮುಚ್ಚಿರುವುದು ರೋಗದ ಭಯಕ್ಕೋ, ಮರಿಗಳ ಕಾಲದ ಗದ್ದಲವನ್ನು ತಡೆಯಲೋ ಎಂಬುದನ್ನು ಸ್ಪಷ್ಟವಾಗಿ ಕೇಳಿ. ಕಾರಣ ಮೊದಲನೆಯದಾದರೆ ಪರಿಹಾರ ಉಪಕರಣಗಳ ಶುದ್ಧೀಕರಣದಲ್ಲಿ ಸಿಗಬಹುದು. ಎರಡನೆಯದಾದರೆ ಅದನ್ನು ತಿಂಗಳುಗಳ ಲೆಕ್ಕದಲ್ಲಿ ಹುಡುಕಬೇಕು.

ಶುದ್ಧೀಕರಣ ಎಂದರೆ ತೊಳೆದು ಒಣಗಿಸುವುದಷ್ಟೇ ಅಲ್ಲ. ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡುವುದು ಅಮೆರಿಕದಲ್ಲಿ ಒಪ್ಪಿತವಾದ ಕ್ರಮಗಳಲ್ಲೊಂದು. ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ), ಹಗ್ಗ, ಉಡುಪು ಇದನ್ನು ತಾಳಿಕೊಳ್ಳುತ್ತವೆ; ನೀರು ಒಳಬಿಡದ ಡ್ರೈಸೂಟಿನ ಕತ್ತಿನ ಸೀಲು, ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಉಸಿರಾಡಲು ಕೊಡುವ ರೀಬ್ರೀದರಿನ ಸೆನ್ಸರ್ ಮುಂತಾದವು ತಾಳುತ್ತವೆಯೇ ಎಂದು ತಯಾರಕರ ಸೂಚನೆ ನೋಡಬೇಕು. ರೋಗವಿರುವ ಪ್ರದೇಶದಲ್ಲಿ ಬಳಸಿದ ಸಾಮಾನನ್ನು ಎಷ್ಟೇ ತೊಳೆದಿದ್ದರೂ ರೋಗವಿಲ್ಲದ ಪ್ರದೇಶಕ್ಕೆ ಒಯ್ಯಬಾರದು.

ಇನ್ನು ನೀರಿನ ಒಳಗಿನ ಬದುಕು. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ, ಆದರೆ ನಿಮ್ಮ ಅರ್ಜಿಯನ್ನು ಓದುವವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಬೆಳಕಿಲ್ಲದ ನೀರಿನಲ್ಲಿ ಹಸಿರು ಬೆಳೆಯುವುದಿಲ್ಲ. ಬಹುಪಾಲು ಗುಹೆಗಳಲ್ಲಿ ಆಹಾರವೆಂಬುದು ಹೊರಗಿನಿಂದ ಹರಿದುಬಂದದ್ದು ಅಥವಾ ಮೇಲಿನಿಂದ ಬಿದ್ದದ್ದು. ಅಲಬಾಮಾ ರಾಜ್ಯದ ಕೀ ಕೇವ್ ಎಂಬ ಒಂದೇ ಗುಹೆಯಲ್ಲಿ ಬದುಕುವ ಕುರುಡು ಮೀನೊಂದಿದೆ. ಆ ಗುಹೆಯ ನೀರಿಗೆ ಆಹಾರದ ಮುಖ್ಯ ಮೂಲ ಅಲ್ಲಿನ ಬೂದು ಬಾವಲಿಗಳ ಹಿಕ್ಕೆ. ಬಾವಲಿ ಗುಹೆ ಬಿಟ್ಟರೆ ಮೀನು ಹಸಿಯುತ್ತದೆ. ‘ಮೇಲೆ’ ಮತ್ತು ‘ಕೆಳಗೆ’ ಎಂದು ನೀವು ಎಳೆದ ಗೆರೆಯನ್ನು ಗುಹೆ ಒಪ್ಪುವುದಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಕೀ ಕೇವ್ ಮೇಲಿನ ಜಮೀನನ್ನು 1997ರಲ್ಲಿ ವನ್ಯಜೀವಿ ಆಶ್ರಯತಾಣವಾಗಿ ಘೋಷಿಸಲಾಯಿತು, ಗುಹೆಗೆ ಸಾರ್ವಜನಿಕರ ಪ್ರವೇಶವಿಲ್ಲ. ಈ ಮುಚ್ಚುಗಡೆಯ ವಿರುದ್ಧ ನನ್ನ ಬಳಿ ಯಾವ ವಾದವೂ ಇಲ್ಲ.

ಡೈವರ್ ನೀರಿನಲ್ಲಿ ಮಾಡುವ ಹಾನಿಯನ್ನು ಉತ್ಪ್ರೇಕ್ಷಿಸಬೇಕಾಗಿಲ್ಲ, ಇಲ್ಲವೆನ್ನಲೂ ಆಗದು. ಫಿನ್ನಿನ ಒಂದು ಒರಟು ಬೀಸು ಎಬ್ಬಿಸಿದ ಹೂಳು ಮತ್ತೆ ಕೂರಲು ಗಂಟೆಗಳು ಬೇಕು. ಉಸಿರನ್ನು ನೇರವಾಗಿ ನೀರಿಗೆ ಬಿಡುವ ಸಾಮಾನ್ಯ ಉಪಕರಣದ ಗುಳ್ಳೆಗಳು ಚಾವಣಿಗೆ ಬಡಿದು ಅಲ್ಲಿ ಅಂಟಿಕೊಂಡ ಮಣ್ಣನ್ನೂ ಸೂಕ್ಷ್ಮಜೀವಿಗಳ ಪದರವನ್ನೂ ಉದುರಿಸುತ್ತವೆ, ಚಾವಣಿಯ ಹೊಂಡಗಳಲ್ಲಿ ಗಾಳಿಯಾಗಿ ಉಳಿದು ಆಮ್ಲಜನಕ ಕಡಿಮೆಯಿರುವ ನೀರಿನ ರಸಾಯನವನ್ನೇ ಬದಲಿಸುತ್ತವೆ. ಸಿಹಿನೀರಿನ ಕೆಳಗೆ ಉಪ್ಪುನೀರು ನಿಂತಿರುವ ಕರಾವಳಿ ಗುಹೆಗಳಲ್ಲಿ ಎರಡರ ನಡುವಿನ ಪದರವನ್ನು ಈಜು ಕಲಕುತ್ತದೆ. ರೆಮಿಪೀಡ್ ಎಂಬ ಕುರುಡು ಕಠಿಣಚರ್ಮಿಗಳು ಬದುಕುವುದು ಆ ಪದರದ ಕೆಳಗಿನ, ಆಮ್ಲಜನಕ ಬಹಳ ಕಡಿಮೆಯಿರುವ ಉಪ್ಪುನೀರಿನಲ್ಲಿ. 1979ರಲ್ಲಿ ಬಹಾಮಾಸಿನ ಗುಹೆಯೊಂದರಲ್ಲಿ ಡೈವ್ ಮಾಡಿದ ಜೀವಶಾಸ್ತ್ರಜ್ಞೆ ಜಿಲ್ ಯೇಗರ್ ಅವುಗಳನ್ನು ಮೊದಲು ಕಂಡರು. ರೀಬ್ರೀದರ್ ಬಳಸಿದರೆ ಗುಳ್ಳೆಗಳ ತೊಂದರೆ ಬಹುಪಾಲು ತಪ್ಪುತ್ತದೆ, ಹೂಳಿನದು ತಪ್ಪುವುದಿಲ್ಲ; ಅದು ಈಜುವವರ ಕೌಶಲಕ್ಕೆ ಬಿಟ್ಟದ್ದು.

ಯುರೋಪಿನ ಬೋಸ್ನಿಯಾ-ಹರ್ಜಗೋವಿನಾ ದೇಶದ ನೀರ್ಗುಹೆಗಳಲ್ಲಿ ಓಲ್ಮ್ ಎಂಬ ಬಿಳಿಯ ಕುರುಡು ಉಭಯಚರಿಗಳನ್ನು ಡೈವರುಗಳು ಗುರುತುಹಾಕಿ, ವರ್ಷಗಳ ಕಾಲ ಮತ್ತೆ ಮತ್ತೆ ಹಿಡಿದು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೆಚ್ಚಿನವು ವರ್ಷಗಳು ಕಳೆದರೂ ಹತ್ತು ಮೀಟರಿಗಿಂತ ದೂರ ಹೋಗಿರಲಿಲ್ಲ, ಒಂದು ಪ್ರಾಣಿಯಂತೂ 2,569 ದಿನಗಳ ನಂತರವೂ ಅದೇ ಜಾಗದಲ್ಲಿ ಸಿಕ್ಕಿತು. ಇದನ್ನು ಎರಡು ರೀತಿಯಲ್ಲಿ ಓದಬೇಕು. ತೊಂದರೆಯಾದರೆ ಪ್ರಾಣಿ ಬೇರೆಡೆಗೆ ಹೋಗುತ್ತದೆ ಎಂಬ ಸಮಾಧಾನ ಗುಹಾಜೀವಿಗಳ ವಿಷಯದಲ್ಲಿ ನಡೆಯುವುದಿಲ್ಲ ಎಂಬುದು ಒಂದು. ಆ ಸಂಗತಿ ನಮಗೆ ತಿಳಿದದ್ದೇ ಡೈವರುಗಳಿಂದ ಎಂಬುದು ಇನ್ನೊಂದು. 2015ರಲ್ಲಿ ಜರ್ಮನಿಯ ಆಖ್‌ಟೋಪ್ಫ್ ಬುಗ್ಗೆಯ ವ್ಯವಸ್ಥೆಯಲ್ಲಿ ಯುರೋಪಿನ ಮೊದಲ ಗುಹಾಮೀನನ್ನು ಕಂಡದ್ದು ಕೂಡ ಒಬ್ಬ ಗುಹಾ ಡೈವರ್.

ಈಗ ‘ಸಾರ್ವಜನಿಕ ಜಮೀನು’ ಎಂಬ ಮಾತಿಗೆ ಬರೋಣ. ಅಮೆರಿಕದಲ್ಲಿ ಇದು ಒಂದೇ ಬಗೆಯ ಜಮೀನಲ್ಲ, ಯಾವ ಇಲಾಖೆಯ ಕೈಯಲ್ಲಿದೆ ಎಂಬುದರ ಮೇಲೆ ನಿಮ್ಮ ಹಕ್ಕಿನ ಆರಂಭದ ಗೆರೆಯೇ ಬದಲಾಗುತ್ತದೆ. ವನ್ಯಜೀವಿ ಆಶ್ರಯತಾಣದ ಜಮೀನು ತೆರೆಯುವವರೆಗೆ ಮುಚ್ಚಿರುತ್ತದೆ: ವನ್ಯಜೀವಿ ಮೊದಲು, ಉಳಿದ ಯಾವುದೇ ಬಳಕೆ ಆ ಉದ್ದೇಶಕ್ಕೆ ಹೊಂದುತ್ತದೆಂದು ಇಲಾಖೆ ತೀರ್ಮಾನಿಸಿದ ಮೇಲೆ. ಅಲ್ಲಿ ಯಾಕೆ ಮುಚ್ಚಿದಿರಿ ಎಂದು ಕೇಳುವುದಕ್ಕಿಂತ ಯಾಕೆ ತೆರೆಯಬಹುದು ಎಂದು ತೋರಿಸುವ ಹೊರೆ ನಿಮ್ಮದು. ಅರಣ್ಯ ಇಲಾಖೆಯ ಮತ್ತು ಭೂ ನಿರ್ವಹಣಾ ಇಲಾಖೆಯ ಜಮೀನುಗಳು ಸಾಮಾನ್ಯವಾಗಿ ಮುಚ್ಚುವವರೆಗೆ ತೆರೆದಿರುತ್ತವೆ, ಮುಚ್ಚಬೇಕಾದರೆ ಆದೇಶ ಬೇಕು. ರಾಷ್ಟ್ರೀಯ ಉದ್ಯಾನಗಳದು ನಡುವಿನ ದಾರಿ, ಮತ್ತು ನಿಮಗೆ ಅತ್ಯಂತ ಉಪಯುಕ್ತವಾದ ನಿಯಮವೂ ಅಲ್ಲಿಯೇ ಇದೆ. ಫೆಡರಲ್ ನಿಯಮಾವಳಿಯ 36ನೇ ಶೀರ್ಷಿಕೆಯ ವಿಭಾಗ 1.5ರ ಪ್ರಕಾರ, ತುರ್ತು ಸಂದರ್ಭವನ್ನು ಬಿಟ್ಟರೆ, ಉದ್ಯಾನದ ಮುಖ್ಯಾಧಿಕಾರಿ ಯಾವುದೇ ಪ್ರದೇಶವನ್ನು ಮುಚ್ಚುವ ಮೊದಲು ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ಕ್ರಮಗಳು ಏಕೆ ಸಾಲವು ಎಂಬುದನ್ನು ಅದರಲ್ಲಿ ವಿವರಿಸಬೇಕು. ಕೇಳಿದ ಸಾರ್ವಜನಿಕರಿಗೆ ಆ ದಾಖಲೆಯನ್ನು ಕೊಡಬೇಕು. ನಿಮ್ಮ ಗುಹೆ ಉದ್ಯಾನದ ಜಮೀನಿನಲ್ಲಿದ್ದರೆ ಆ ಒಂದು ಸಾಲಿನ ಉತ್ತರದ ಹಿಂದೆ ಇಂಥದೊಂದು ದಾಖಲೆ ಇರಲೇಬೇಕು. ಮೊದಲ ಪತ್ರದಲ್ಲಿ ಅದೊಂದನ್ನೇ ಕೇಳಿ, ವಾದ ಬೇಡ.

ದಾಖಲೆ ಕೊಡದಿದ್ದರೆ ಅಮೆರಿಕದ ಮಾಹಿತಿ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕೆಂಬ ನಿಯಮವಿದೆ. ಆದರೆ 1988ರ ಫೆಡರಲ್ ಗುಹಾ ಸಂಪನ್ಮೂಲ ರಕ್ಷಣಾ ಕಾಯ್ದೆ ಮಹತ್ವದ ಗುಹೆಗಳ ಸ್ಥಳದ ಮಾಹಿತಿಯನ್ನು ಗೋಪ್ಯವಾಗಿಡಲು ಅವಕಾಶ ಕೊಡುತ್ತದೆ. ನಕ್ಷೆ, ಅಕ್ಷಾಂಶ, ರೇಖಾಂಶಗಳನ್ನು ಮಸಿ ಬಳಿದು ಕಳಿಸಿದರೆ ಅದನ್ನು ಅಧಿಕಾರಿಯ ಹಟವೆಂದು ತಿಳಿಯಬೇಡಿ, ಮತ್ತು ನಿಮಗೆ ಗೊತ್ತಿರುವ ಸ್ಥಳವನ್ನು ನೀವೂ ಎಲ್ಲೆಡೆ ಹಂಚಬೇಡಿ.

ಅಧಿಕಾರಿಯ ಕೈಯೂ ಪೂರ್ತಿ ಬಿಡುವಾಗಿಲ್ಲ. 1973ರ ಅಳಿವಿನಂಚಿನ ಪ್ರಭೇದಗಳ ಕಾಯ್ದೆ ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದನ್ನಷ್ಟೇ ಅಲ್ಲ, ಅದಕ್ಕೆ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ. ಫೆಡರಲ್ ಇಲಾಖೆಯೊಂದು ಪರವಾನಗಿ ಕೊಡುವುದೂ ಒಂದು ಸರ್ಕಾರಿ ಕ್ರಮವೇ ಆದ್ದರಿಂದ, ಅದರಿಂದ ಪ್ರಾಣಿಗೆ ಪರಿಣಾಮವಾಗುವಂತಿದ್ದರೆ ಫೆಡರಲ್ ವನ್ಯಜೀವಿ ಇಲಾಖೆಯಾದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಜೊತೆ ಸಮಾಲೋಚಿಸಬೇಕು. ಒಬ್ಬ ಡೈವರಿನ ಒಂದು ದಿನದ ಸಂತೋಷಕ್ಕಾಗಿ ಅಷ್ಟು ಕಡತ ಓಡಿಸುವ ಬದಲು ‘ಇಲ್ಲ’ ಎನ್ನುವುದು ಸುಲಭ. ಇದನ್ನು ನಾನು ಸಮರ್ಥಿಸುತ್ತಿಲ್ಲ, ಎದುರಿಗಿರುವ ಮೇಜಿನಿಂದ ನಿಮ್ಮ ಅರ್ಜಿ ಹೇಗೆ ಕಾಣುತ್ತದೆ ಎಂದು ಹೇಳುತ್ತಿದ್ದೇನೆ.

ಮುಚ್ಚುಗಡೆ ಪೂರ್ತಿ ಸರಿಯಾಗಿರುವ ಉದಾಹರಣೆ ನೆವಾಡಾ ರಾಜ್ಯದ ಡೆವಿಲ್ಸ್ ಹೋಲ್. ಇಡೀ ಜಗತ್ತಿನಲ್ಲಿ ಒಂದು ಬಗೆಯ ಪಪ್‌ಫಿಶ್ ಸಹಜವಾಗಿ ಬದುಕುವುದು ಈ ನೀರು ತುಂಬಿದ ಸುಣ್ಣಕಲ್ಲಿನ ಬಿರುಕಿನಲ್ಲಿ ಮಾತ್ರ. ಬಿರುಕು ನೂರು ಮೀಟರಿಗೂ ಹೆಚ್ಚು ಆಳವಿದ್ದರೂ, ಮೀನು ಮೇಯುವುದು ಮತ್ತು ಮೊಟ್ಟೆಯಿಡುವುದು ಕೆಲವೇ ಮೀಟರುಗಳಷ್ಟಿರುವ, ಮೇಲ್ಮೈಗೆ ಹತ್ತಿರದ ಬಂಡೆಯ ಹಾಸಿನ ಮೇಲೆ. 1952ರಲ್ಲಿ ಅದನ್ನು ಡೆತ್ ವ್ಯಾಲಿಯ ಸಂರಕ್ಷಿತ ಜಮೀನಿಗೆ ಸೇರಿಸಲಾಯಿತು. 1965ರಲ್ಲಿ ಇಬ್ಬರು ಯುವಕರು ಅಲ್ಲಿ ಮುಳುಗಿ ಸತ್ತರು. ಸುತ್ತಲಿನ ಕೃಷಿಗೆ ನೀರೆತ್ತಿದ್ದರಿಂದ ಆ ಹಾಸು ಒಣಗತೊಡಗಿದಾಗ, 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೀನಿಗೆ ಬೇಕಾದಷ್ಟು ನೀರಿನ ಮಟ್ಟ ಉಳಿಯಬೇಕೆಂಬ ಸರ್ಕಾರದ ಹಕ್ಕನ್ನು ಎತ್ತಿಹಿಡಿಯಿತು. 2013ರ ಎಣಿಕೆಯಲ್ಲಿ ಸಿಕ್ಕ ಮೀನುಗಳು 35. 2024ರ ವಸಂತದಲ್ಲಿ 191. ಭೂಕಂಪದ ಅಲೆಗಳು ಹಾಸಿನ ಮೇಲಿನ ಪಾಚಿಯನ್ನು ಕೊಚ್ಚಿದ ನಂತರ 2025ರ ವಸಂತದಲ್ಲಿ 38. ಇಂಥ ಜಾಗದಲ್ಲಿ ಮನರಂಜನೆಯ ಡೈವಿಗೆ ಯಾವ ತಿಂಗಳೂ ಸರಿಯಾದ ತಿಂಗಳಲ್ಲ. 2016ರಲ್ಲಿ ಕುಡಿದ ಮೂವರು ಬೇಲಿ ಹತ್ತಿ ಒಳನುಗ್ಗಿ, ಒಬ್ಬ ನೀರಿಗಿಳಿದದ್ದರಿಂದ ಮೀನೊಂದು ಸತ್ತಿತು. ನೀರಿಗಿಳಿದವನಿಗೆ ಸೆರೆವಾಸದ ಶಿಕ್ಷೆಯಾಯಿತು. ಆದರೆ ಈ ಬೇಲಿಯೊಳಗೂ ಡೈವರುಗಳು ಇಳಿಯುತ್ತಾರೆ, ಏಕೆಂದರೆ ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ಆ ಮೀನುಗಳನ್ನು ಎಣಿಸುವುದು ಸ್ಕೂಬಾ ತೊಟ್ಟವರೇ.

ಋತುವಿಗೆ ತಕ್ಕಂತೆ ಮುಚ್ಚುವ ಕ್ರಮ ಇದಕ್ಕಿಂತ ಹೆಚ್ಚು ಜಾಗಗಳಿಗೆ ಹೊಂದುತ್ತದೆ. ಫ್ಲೋರಿಡಾದ ಬ್ಲೂ ಸ್ಪ್ರಿಂಗ್ ರಾಜ್ಯ ಉದ್ಯಾನದಲ್ಲಿ ಡೈವರುಗಳು ಇಳಿಯುವ ಬುಗ್ಗೆಯಿದೆ, ವರ್ಷವಿಡೀ ಅದರ ನೀರು ಸುಮಾರು 22 ಡಿಗ್ರಿ ಸೆಲ್ಸಿಯಸ್. ಮ್ಯಾನಟೀ ಎಂಬ ಭಾರಿ ಗಾತ್ರದ ಜಲಸಸ್ತನಿ 20 ಡಿಗ್ರಿಗಿಂತ ತಣ್ಣಗಿನ ನೀರನ್ನು ಹೆಚ್ಚು ದಿನ ತಾಳಲಾರದು, ಆದ್ದರಿಂದ ಚಳಿಯಲ್ಲಿ ನದಿ ಬಿಟ್ಟು ಬುಗ್ಗೆಗೆ ಬರುತ್ತದೆ. ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಅಲ್ಲಿ ಈಜು, ಡೈವಿಂಗ್ ಎಲ್ಲ ನಿಲ್ಲುತ್ತವೆ. ಬೇಸಿಗೆಯಲ್ಲಿ ಮತ್ತೆ ತೆರೆಯುತ್ತವೆ. 1970ರ ದಶಕದ ಆರಂಭದಲ್ಲಿ ಕೆಲವೇ ಡಜನ್ ಮ್ಯಾನಟೀಗಳು ಬರುತ್ತಿದ್ದ ಜಾಗದಲ್ಲಿ 2024ರ ಜನವರಿಯ ಒಂದೇ ದಿನ 900ಕ್ಕೂ ಹೆಚ್ಚು ಎಣಿಕೆಗೆ ಸಿಕ್ಕವು. ಈ ಮುಚ್ಚುಗಡೆಯ ಬಗ್ಗೆ ಡೈವರುಗಳಿಂದ ದೊಡ್ಡ ತಕರಾರು ಬಾರದಿರಲು ಕಾರಣ, ಅದಕ್ಕೆ ಆರಂಭವೂ ಇದೆ, ಕೊನೆಯೂ ಇದೆ, ಕಣ್ಣಿಗೆ ಕಾಣುವ ಕಾರಣವೂ ಇದೆ ಎಂದು ನಾನು ತಿಳಿಯುತ್ತೇನೆ.

ನಿಜವಾದ ತಕರಾರಿಗೆ ಯೋಗ್ಯವಾದದ್ದು ಮೂರನೆಯ ಬಗೆ: ಹಿಂದೆಂದೋ ಒಂದು ಕಾರಣಕ್ಕೆ ಮುಚ್ಚಿ, ಆಮೇಲೆ ಪ್ರಾಣಿಗಳ ಎಣಿಕೆಯನ್ನೂ ಮಾಡದೆ, ಅವಧಿಯನ್ನೂ ಹೇಳದೆ ಹಾಗೇ ಉಳಿಸಿದ ಮುಚ್ಚುಗಡೆ. ಕೆಲವೊಮ್ಮೆ ಇದರ ಹಿಂದೆ ಬಾವಲಿಗಿಂತ ಹೆಚ್ಚಾಗಿ ಡೈವರ್ ಸತ್ತರೆ ಹೊಣೆ ಯಾರದು ಎಂಬ ಭಯ ಇರುತ್ತದೆ. ಆ ಭಯ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಅದನ್ನು ವನ್ಯಜೀವಿಯ ಹೆಸರಿನಲ್ಲಿ ಹೇಳಬಾರದು. ಎರಡೂ ಕಾರಣಗಳನ್ನು ಬೇರೆ ಬೇರೆಯಾಗಿ ಬರೆದುಕೊಡುವಂತೆ ವಿನಯದಿಂದಲೇ ಕೇಳಿ. ಸುರಕ್ಷತೆಯ ಪ್ರಶ್ನೆಗೆ ಸಿದ್ಧ ಮಾದರಿಯೂ ಇದೆ: ಫ್ಲೋರಿಡಾದ ಪೀಕಾಕ್ ಸ್ಪ್ರಿಂಗ್ಸ್ ರಾಜ್ಯ ಉದ್ಯಾನದಲ್ಲಿ ಗುಹಾ ಡೈವಿಂಗ್ ಪ್ರಮಾಣಪತ್ರ ತೋರಿಸಿ, ಹೆಸರು ನೋಂದಾಯಿಸಿದವರನ್ನು ಒಳಬಿಡುತ್ತಾರೆ. ಆ ನೀರಿನಲ್ಲೂ ಬಿಳಿಯ ಕುರುಡು ಸೀಗಡಿಯಂಥ ಕ್ರೇಫಿಶ್‌ಗಳಿವೆ. ತರಬೇತಾದ ಡೈವರುಗಳೂ ಅವೂ ಅಲ್ಲಿ ದಶಕಗಳಿಂದ ಜೊತೆಗಿದ್ದಾರೆ.

ಒಳಹೋಗಲು ಇನ್ನೊಂದು ಬಾಗಿಲು ಸಂಶೋಧನೆಯದು. ಸಾರ್ವಜನಿಕರ ಗುಹಾ ಡೈವಿಂಗಿಗೆ ತೆರೆದಿಲ್ಲದ ಫ್ಲೋರಿಡಾದ ವಕುಲ್ಲಾ ಬುಗ್ಗೆಯಲ್ಲಿ ಸ್ವಯಂಸೇವಕ ಡೈವರುಗಳ ತಂಡವೊಂದು ರಾಜ್ಯದ ಅನುಮತಿಯೊಂದಿಗೆ ವರ್ಷಗಟ್ಟಲೆ ನಕ್ಷೆ ಬರೆದು, 2007ರಲ್ಲಿ ಅದನ್ನು ಲಿಯಾನ್ ಸಿಂಕ್ಸ್ ಗುಹೆಗಳೊಂದಿಗೆ ಜೋಡಿಸಿತು. ನೆಲದ ಮೇಲೆ ಸುರಿದದ್ದು ಯಾವ ದಾರಿಯಲ್ಲಿ ಬುಗ್ಗೆಗೆ ಬರುತ್ತದೆ ಎಂಬ ಅಧ್ಯಯನಗಳಿಗೆ ಇಂಥ ನಕ್ಷೆಗಳು ಆಧಾರವಾದವು. ನಿಮ್ಮ ಗುಹೆಯಲ್ಲಿ ಯಾವ ಮೀನಿದೆ, ಎಷ್ಟಿವೆ ಎಂಬುದು ಇಲಾಖೆಗೂ ಬೇಕಾದ ಮಾಹಿತಿ. ಅದನ್ನು ತರಬಲ್ಲವರು ನಿಮ್ಮಂಥವರು ಮಾತ್ರ. ನಿಮ್ಮ ಅರ್ಜಿಯಲ್ಲಿ ಅದೇ ಮೊದಲ ಸಾಲಾಗಲಿ.

ಕೊನೆಯದಾಗಿ, ಏನು ಕೇಳಬೇಕು ಎಂಬುದು. ಬೂದು ಬಾವಲಿಗಳು ಬೇಸಿಗೆಯಲ್ಲಿ ಮರಿ ಹಾಕುವ ಬೆಚ್ಚನೆಯ ಗುಹೆಯೂ ಚಳಿಗಾಲದಲ್ಲಿ ನಿದ್ರಿಸುವ ತಣ್ಣನೆಯ ಗುಹೆಯೂ ಸಾಮಾನ್ಯವಾಗಿ ಬೇರೆ ಬೇರೆ. ನಿಮ್ಮದು ಮರಿಗಳ ಗುಹೆಯಾದರೆ, ಚಳಿಗಾಲದಲ್ಲಿ ಅದು ಖಾಲಿಯಿರುವ ಸಾಧ್ಯತೆ ಹೆಚ್ಚು, ಆಗಿನ ಒಂದೆರಡು ತಿಂಗಳುಗಳನ್ನು ಕೇಳಿ. ನಿದ್ರೆಯ ಗುಹೆಯಾದರೆ ಬೇಸಿಗೆಯ ನಡುವಿನ ವಾರಗಳನ್ನು ಕೇಳಿ. ಎರಡಕ್ಕೂ ಬಳಕೆಯಾಗುವ ಗುಹೆಯಾದರೆ ಕೇಳುವುದನ್ನು ಬಿಟ್ಟು ಬೇರೆ ಬುಗ್ಗೆ ನೋಡಿಕೊಳ್ಳಿ. ಅರ್ಜಿಯಲ್ಲಿ ಇಷ್ಟು ಜನ, ಇಷ್ಟು ದಿನ, ಹಗಲಿನಲ್ಲಿ ಒಳಹೋಗಿ ಸಂಜೆಗೆ ಸಾಕಷ್ಟು ಮೊದಲೇ ಹೊರಗೆ, ಗಾಳಿ ಕೋಣೆಗಳಲ್ಲಿ ತಲೆ ಎತ್ತುವುದಿಲ್ಲ, ಸಾಮಾನಿನ ಶುದ್ಧೀಕರಣ ಹೀಗೆ, ಕಂಡ ಪ್ರಾಣಿಗಳ ಲೆಕ್ಕ ಇಲಾಖೆಗೆ ಹೀಗೆ ತಲುಪುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಗುಹೆಯ ಬಾಯಿಗೆ ಬಾವಲಿ ಗೇಟು ಹಾಕಿದ್ದರೆ, ಅದರ ಅಡ್ಡ ಸರಳುಗಳ ನಡುವೆ ಸಾಮಾನ್ಯವಾಗಿ ಇರುವ ಸುಮಾರು 146 ಮಿಲಿಮೀಟರ್ ಸಂದಿನಲ್ಲಿ ಬಾವಲಿ ಹಾರಿಹೋಗುತ್ತದೆ, ಸಿಲಿಂಡರ್ ಹೊತ್ತ ಡೈವರ್ ಹೋಗಲಾರ; ತೆಗೆಯಬಹುದಾದ ಸರಳು ಇದೆಯೇ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ ಮುಂದಿನ ಬಾವಲಿ ಎಣಿಕೆ ಯಾವ ವರ್ಷ, ಅದರ ನಂತರ ಆದೇಶವನ್ನು ಯಾರು ಪರಿಶೀಲಿಸುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಳ್ಳಿ, ಆ ವರ್ಷ ಬಂದಾಗ ಮತ್ತೆ ಅರ್ಜಿ ಹಾಕಿ.